ವೇಲವನ್ ಬಸ್ಸಿನ ಒಂಬತ್ತನೇ ಬೋಲ್ಟು

ತಿರುಚೆಂಗೋಡು
24-10-1989, ಮಂಗಳವಾರ

ನನ್ನ ಪ್ರೀತಿಯ ಯಜಮಾನರಿಗೆ ಪಾವಾಯಿ ಮಾಡುವ ನಮಸ್ಕಾರಗಳು.

ಮೈ ಹೇಗಿದೆ? ನಿದ್ದೆ ಬರುತ್ತಿದೆಯೇ? ಆಸ್ಪತ್ರೆಯ ಸಾರಿಗೆ ಉಪ್ಪೇ ಇಲ್ಲ ಎಂದು ಹೋದ ಕಾಗದದಲ್ಲಿ ಬರೆಸಿದ್ದಿರಿ. ಇಪ್ಪತ್ತೆರಡು ವರ್ಷ ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಮೂಗು ಮುರಿದವರಿಗೆ ಇದು ಆಗಬೇಕಾದದ್ದೇ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ, ದಿಂಬಿನ ಕೆಳಗೆ ತುರುಕಬೇಡಿ. ಈ ಕಾಗದ ಓದಿ ಹೇಳುತ್ತಿರುವ ಅಮಲೋರ್ಪವಂ ಸಿಸ್ಟರಿಗೂ ನನ್ನ ನಮಸ್ಕಾರ. ತಾಯಿ, ನಮ್ಮವರು ನಡುವೆ ಬಾಯಿ ಹಾಕಿದರೆ ನಿಲ್ಲಿಸಬೇಡಿ, ಓದುತ್ತಲೇ ಹೋಗಿ. ಇಂಜಿನ್ ಮಾತು ಬಂದರೆ ಅವರಿಗೆ ಸುಮ್ಮನೆ ಮಲಗಿರಲು ಬರುವುದಿಲ್ಲ.

ವೇಲವನ್ ಬಸ್ಸಿನ ಇಂಜಿನ್ ಏನಾಯಿತು ಎಂದು ನೀವು ಒದ್ದಾಡುತ್ತಿದ್ದೀರಿ, ನನಗೆ ಗೊತ್ತು. ಆದರೂ ಮೊದಲಿನಿಂದಲೇ ಹೇಳುತ್ತೇನೆ. ಕೊನೆಯಿಂದ ಹೇಳಿದರೆ ನೀವು ನಡುವಿನದನ್ನು ಕೇಳುವ ಪೈಕಿ ಅಲ್ಲ, ಮತ್ತು ಈ ಸಲ ನಡುವಿನದೇ ನನ್ನದು. ವಿಜಯದಶಮಿಯ ದಿನ ನೀವು ಮಧುರೆಯ ಆಸ್ಪತ್ರೆಗೆ ಹೊರಟಾಗ ಆ ಇಂಜಿನ್ನಿನ ಮುಕ್ಕಾಲು ಕೆಲಸ ಮುಗಿದಿತ್ತು. ಕ್ರ್ಯಾಂಕು ಅರೆಸಿಕೊಂಡು ಬಂದಿತ್ತು, ಹೊಸ ಪಿಸ್ಟನ್ ಕೂತಿದ್ದವು, ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಹೆಡ್ಡು ಇಟ್ಟು ಬೋಲ್ಟು ಬಿಗಿಯುವುದಷ್ಟೇ ಉಳಿದಿತ್ತು. "ಆರೋಗ್ಯಸಾಮಿ ಬಿಗೀತಾನೆ. ಏನಾದ್ರೂ ಎಡವಟ್ಟಾದ್ರೆ ಯಾರೂ ಕೈ ಹಾಕ್ಬೇಡಿ, ನಾನು ಬರೋವರ್ಗೂ ಕಾಯಿರಿ" ಎಂದು ಹೇಳಿ ಬಸ್ಸು ಹತ್ತಿದಿರಿ. ಅತ್ತ ನೀವು ಹೋದಿರೋ ಇಲ್ಲವೋ, ಇತ್ತ ಬಸ್ಸಿನ ಮಾಲೀಕರು ನಾಚಿಮುತ್ತು ಗೌಂಡರ್ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಬಂದೇ ಬಂದರು. ಅವರದೂ ತಪ್ಪಲ್ಲ. ಇರುವುದೊಂದೇ ಬಸ್ಸು, ದೀಪಾವಳಿಯ ಜವಳಿಗೆ ಊರಿಗೆ ಊರೇ ಈರೋಡಿಗೆ ಹೋಗುವ ಕಾಲ. "ಮುಂದಿನ ಶನಿವಾರ ಹತ್ತು ಗಂಟೆಗೆ ಇಂಜಿನ್ ಓಡ್ಬೇಕು ಕಣವ್ವಾ. ಓಡ್ಲಿಲ್ಲ ಅಂದ್ರೆ ಹೆಂಗಿದ್ಯೋ ಹಂಗೇ ಲಾರಿಗೆ ಹಾಕಿ ಈರೋಡಿಗೆ ತಗೊಂಡ್ಹೋಗ್ತೀನಿ. ಮೇಸ್ತ್ರಿ ಇಲ್ದಿರೋ ಶಾಪು ಅಂದ್ರೆ ಮೂರ್ತಿ ಇಲ್ದಿರೋ ಗುಡಿ. ಕೈ ಮುಗಿಯೋದಾದ್ರೂ ಯಾರಿಗೆ?" ಎಂದರು.

ನನಗೆ ಆ ಮಾತು ಚುಚ್ಚಿತು. ಅರೆಬರೆ ಬಿಚ್ಚಿದ ಇಂಜಿನ್ನು ನಮ್ಮ ಬಾಗಿಲಿನಿಂದ ಬೇರೆಯವರ ಲಾರಿಯಲ್ಲಿ ಹೋದರೆ ಸಂಗಗಿರಿ ರಸ್ತೆಯ ಅಷ್ಟೂ ಅಂಗಡಿಯವರು ಹೊರಗೆ ನಿಂತು ನೋಡುತ್ತಾರೆ. ಅರ್ಧನಾರಿ ಮೇಸ್ತ್ರಿ ಇಲ್ಲ, ಶಾಪೂ ಇಲ್ಲ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ನಮ್ಮ ಬಾಗಿಲಿಗೆ ಯಾರು ಬರುತ್ತಾರೆ? ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳಲೂ ಬರುವುದಿಲ್ಲ.

ಎಡವಟ್ಟು ಆದದ್ದು ಹೋದ ವಾರದ ಸೋಮವಾರ. ಆರೋಗ್ಯಸಾಮಿ ನಿಮ್ಮ ಕ್ರಮದಲ್ಲೇ, ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯುತ್ತಾ ಬಂದ. ಮೂರನೇ ಸುತ್ತಿನಲ್ಲಿ ಒಂಬತ್ತನೇ ಬೋಲ್ಟಿಗೆ ಬಂದಾಗ, ಬಿಗಿ ಸಾಕು ಎಂದು 'ಟಕ್' ಎನ್ನಬೇಕಿದ್ದ ಸ್ಪ್ಯಾನರ್ ಎನ್ನಲೇ ಇಲ್ಲ. ಮಜ್ಜಿಗೆಯಲ್ಲಿ ಚಮಚ ತಿರುಗಿಸಿದ ಹಾಗೆ ಸುಮ್ಮನೆ ತಿರುಗಿತು. ಬಿಚ್ಚಿ ತೆಗೆದರೆ ಬೋಲ್ಟಿನ ಜೊತೆ ಬ್ಲಾಕಿನ ತೂತಿನೊಳಗಿನ ಥ್ರೆಡ್ಡು ಪುಡಿಪುಡಿಯಾಗಿ ಸುತ್ತಿಕೊಂಡು ಬಂತು. ಆರೋಗ್ಯಸಾಮಿ ಶಿಲುಬೆಯ ಗುರುತು ಹಾಕಿಕೊಂಡು ಅಲ್ಲೇ ಟೈರಿನ ಮೇಲೆ ಕೂತುಬಿಟ್ಟ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನು, ಪಾಪ. "ನಾನು ಜಾಸ್ತಿ ಎಳೀಲಿಲ್ಲ ಅತ್ತಿಗೆ, ನನ್ನ ಮಕ್ಕಳಾಣೆ" ಎಂದ. ನಾನು ಅವನ ಮುಖ ನೋಡಲಿಲ್ಲ, ಬೋಲ್ಟಿನ ತುದಿ ನೋಡಿದೆ. ಶಾಪಿನಲ್ಲಿ ನನ್ನ ಕೆಲಸ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುವುದು ತಾನೇ? ಎಷ್ಟು ಸಾವಿರ ಬೋಲ್ಟು ತೊಳೆದಿದ್ದೇನೋ, ಇಂಥ ತುದಿ ನೋಡಿರಲಿಲ್ಲ. ಬೂದು ಹಳದಿ ಬಣ್ಣದ್ದೇನೋ ಬಿಲ್ಲೆಯ ಹಾಗೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಮೂಸಿದೆ. ಗಂಧ!

ಸಿಸ್ಟರ್, ಇಲ್ಲಿ ಸ್ವಲ್ಪ ನಿಲ್ಲಿಸಿ ಅವರ ಮುಖ ನೋಡಿ.

ಆಯುಧಪೂಜೆಯ ದಿನ ಸ್ಪ್ಯಾನರು, ಸುತ್ತಿಗೆ, ಲೇಥು ಎಲ್ಲಕ್ಕೂ ಒಂದೊಂದು ಬೊಟ್ಟು ಇಟ್ಟಿರಿ. ಆದರೆ ಸ್ಟ್ಯಾಂಡಿನ ಮೇಲಿದ್ದ ಆ ಬ್ಲಾಕಿಗೆ ಮಾತ್ರ, ಬೆಟ್ಟದ ಮೇಲಿನ ದೇವರಿಗೆ ಮಾಡುವ ಹಾಗೆ, ಚೊಂಬುಗಟ್ಟಲೆ ಗಂಧದ ನೀರು, ಮೇಲೆ ಕೈತುಂಬ ವಿಭೂತಿ. ಪ್ರತಿ ವರ್ಷ ಪೂಜೆಗೆ ಮುಂಚೆ ತೂತುಗಳಿಗೆಲ್ಲ ಬಟ್ಟೆ ತುರುಕುತ್ತಿದ್ದಿರಿ. ಈ ವರ್ಷ ಸಿಲಿಂಡರುಗಳ ಮೇಲೆ ಹಲಗೆ ಮುಚ್ಚಿದಿರಿ, ಬೋಲ್ಟಿನ ತೂತುಗಳು ಬಾಯಿ ತೆರೆದುಕೊಂಡಿದ್ದವು. ನಿಮಗೆ ಕಾಣಿಸಲಿಲ್ಲ. ಅಷ್ಟೂ ಗಂಧ ವಿಭೂತಿ ತಳ ಸೇರಿ, ಒಣಗಿ, ಕಲ್ಲಾಗಿ ಕೂತಿದೆ. ಬೋಲ್ಟು ಇಳಿದು ಆ ಕಲ್ಲಿಗೆ ಮುಟ್ಟಿದೆ, ಹೆಡ್ಡಿಗೆ ಇನ್ನೂ ಬಿಗಿ ಬಂದಿಲ್ಲ, ಮೇಲಿನಿಂದ ಆರೋಗ್ಯಸಾಮಿ ಎಳೆದಿದ್ದಾನೆ. ಬಡಪಾಯಿ ಥ್ರೆಡ್ಡು ಎಷ್ಟೆಂದು ತಡೆಯುತ್ತದೆ? ಎಲ್ಲ ನಿಮ್ಮ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಪೂಜೆಯ ಮರುದಿನ ಬ್ಲಾಕನ್ನು ಇನ್ನೊಮ್ಮೆ ತೊಳೆಯಬೇಕು ಎಂದು ನನಗೆ ಅನಿಸಿತ್ತು. ದೇವರಿಗೆ ಇಟ್ಟ ಗಂಧವನ್ನು ಸೀಮೆಎಣ್ಣೆ ಹಾಕಿ ತೊಳೆದರೆ ಅಪಚಾರ ಎಂದು ನಾನೇ ಹೆದರಿ ಸುಮ್ಮನಾದೆ. ದೇವರು ಅದನ್ನು ಭಕ್ತಿ ಎನ್ನುತ್ತಾನೋ ಏನೋ, ಇಂಜಿನ್ನು ಅದನ್ನು ಕಸ ಎಂದಿತು.

ಹೆಡ್ಡು ಮತ್ತೆ ಇಳಿಸಿದೆವು. ಇಪ್ಪತ್ತಾರು ತೂತಿಗೂ ನಾನು ತಂತಿ ಇಳಿಸಿ ಆಳ ನೋಡಿದೆ. ಹನ್ನೊಂದರಲ್ಲಿ ಗಂಧ ಕೂತಿತ್ತು. ಒಂಬತ್ತನೆಯದು ಪೂರ್ತಿ ಹೋಗಿತ್ತು, ಹದಿನಾಲ್ಕನೆಯದು ಹೋಗುವುದರಲ್ಲಿತ್ತು. ಆರೋಗ್ಯಸಾಮಿ "ಅಣ್ಣ ಬರೋವರ್ಗೂ ಕಾಯೋಣ ಅತ್ತಿಗೆ. ಅವ್ರು ಹೇಳಿ ಹೋಗಿದ್ದೂ ಅದೇ ಅಲ್ವಾ?" ಎಂದ. ಕಾಯುವುದಿಲ್ಲ ಎಂದೆ. "ಹಂಗಾದ್ರೆ ದಪ್ಪ ಬೋಲ್ಟ್ ಹಾಕ್ಬಿಡೋಣ" ಎಂದ. ಒಂದು ಬೋಲ್ಟು ದಪ್ಪ, ಉಳಿದವು ಸಣ್ಣ; ನಾಳೆ ಇನ್ನೊಬ್ಬ ಮೇಸ್ತ್ರಿ ಬಿಚ್ಚಿ ನೋಡಿ ನಗಬೇಕೇ? ಸ್ಪ್ರಿಂಗ್ ಥ್ರೆಡ್ಡೇ ಹಾಕುವುದು ಎಂದು ಹೇಳಿದೆ. ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ಡು ಕೊರೆದು, ಅದರೊಳಗೆ ಉಕ್ಕಿನ ತಂತಿಯ ಸುರುಳಿ ತಿರುಗಿಸಿ ಕೂರಿಸಿದರೆ ಮೊದಲಿನ ಬೋಲ್ಟೇ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ. ಆ ವರ್ಷ ಕಬ್ಬಿನ ಟ್ರ್ಯಾಕ್ಟರಿಗೆ ನೀವು ಹಾಕಿದ್ದನ್ನು ನಾನು ದೀಪ ಹಿಡಿದುಕೊಂಡು ನೋಡಿದ್ದೆ. "ಅದು ತೇಪೆ ಅತ್ತಿಗೆ" ಎಂದ ಆರೋಗ್ಯಸಾಮಿ. "ನಿನ್ನ ಹಲ್ಲು ಕಟ್ಟಿಸ್ಕೊಂಡಿದ್ಯಲ್ಲ, ಅದೂ ತೇಪೆನೇ. ಕಡ್ಲೆ ಅಗೀತಿಲ್ವಾ?" ಎಂದೆ. ಅವನು ಎದ್ದು ಡ್ರಿಲ್ಲು ಹುಡುಕಲು ಹೋದ.

ಮಂಗಳವಾರ ಬೆಳಗಿನ ಬಸ್ಸಿಗೆ ಕೊಯಮತ್ತೂರಿಗೆ ಹೋದೆ. ಒಂದು ಒಳ್ಳೆಯ ಬೋಲ್ಟನ್ನು ಕರ್ಚೀಫಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಅಲ್ಲಿನ ದೊಡ್ಡ ಸಾಮಾನಿನ ಅಂಗಡಿಯ ಪುಣ್ಯಾತ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಗಂಡಸ್ರು ಯಾರೂ ಇಲ್ವೇನಮ್ಮಾ? ಸೀರೆ ಅಂಗಡಿ ಮುಂದಿನ ಬೀದೀಲಿ" ಎಂದ. "ಸೀರೆ ಮುಂದಿನ ವಾರ ತಗೋತೀನಿ. ಈಗ ಥ್ರೆಡ್ಡು ಕೊರೆಯೋ ಟ್ಯಾಪು, ಸ್ಪ್ರಿಂಗು ಕೊಡಪ್ಪ" ಎಂದು ಅಳತೆ ಹೇಳಿದೆ. ಡಬ್ಬಿಯಿಂದ ತೆಗೆದು ಟಪ್ಪೆಂದು ಮುಂದಿಟ್ಟ. ನಾನು ಸೊಂಟದಿಂದ ಬೋಲ್ಟು ತೆಗೆದು, ಟ್ಯಾಪಿನ ಹಲ್ಲಿಗೆ ಬೋಲ್ಟಿನ ಹಲ್ಲು ಕೂರಿಸಿ, ಬಾಗಿಲ ಬೆಳಕಿಗೆ ಎತ್ತಿ ಹಿಡಿದೆ. ನಡುವೆ ಬೆಳಕು ನುಸುಳುತ್ತಿತ್ತು. "ಇದು ಬೇರೆ ಸುತ್ತಿಂದು. ನೋಡು, ಒಂದ್ರೊಳಗೊಂದು ಕೂರ್ತಾ ಇಲ್ಲ" ಎಂದೆ. ಅವನು ಕನ್ನಡಕ ಹಾಕಿಕೊಂಡು ನೋಡಿದ, ಡಬ್ಬಿ ನೋಡಿದ, ನನ್ನನ್ನು ನೋಡಿದ. ಒಳಗೆ ಹೋಗಿ ಸರಿಯಾದದ್ದನ್ನು ತಂದ. ಈ ಸಲ ಹಲ್ಲಿಗೆ ಹಲ್ಲು ಕೂತು ಬೆಳಕು ಪೂರ್ತಿ ಮುಚ್ಚಿತು. ಸ್ಟೂಲು ಎಳೆದು "ಕೂತ್ಕೊಳ್ಳಿ ಅಕ್ಕ, ಕಾಫಿ ಕುಡೀತೀರಾ?" ಎಂದ. ಕುಡಿದೆ. ಯಾಕೆ ಬಿಡಲಿ? ಸಕ್ಕರೆ ಸ್ವಲ್ಪ ಕಡಿಮೆ ಇತ್ತು.

ಇನ್ನು ತೂತು ಕೊರೆಯುವುದು. ಕೈ ಡ್ರಿಲ್ಲು ಒಂದು ಕೂದಲಷ್ಟು ವಾಲಿದರೂ ಬೋಲ್ಟು ಸೊಟ್ಟ, ಹೆಡ್ಡು ಕೂರುವುದಿಲ್ಲ, ಬ್ಲಾಕೇ ಗುಜರಿಗೆ. ಕಣ್ಣಳತೆಯಲ್ಲಿ ನೇರ ಹಿಡಿಯಲು ನಿಮ್ಮಿಂದ ಆಗುತ್ತಿತ್ತು, ಆರೋಗ್ಯಸಾಮಿಯಿಂದ ಆಗುವುದಿಲ್ಲ, ಅದು ಅವನಿಗೂ ಗೊತ್ತು. ಬುಧವಾರ ಬೆಳಗ್ಗೆ ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಾ ಅದೇ ಯೋಚನೆಯಲ್ಲಿದ್ದೆ. ಎದುರಿಗೆ ಕಾಣಿಸಿತು ನಿಮ್ಮ ಆ ಹಳೇ ಹೆಡ್ಡು. ಬಿರುಕು ಬಿಟ್ಟು ಹತ್ತು ವರ್ಷವಾಗಿದೆ, ಅದರ ಮೇಲೆ ನಾನು ಸೊಪ್ಪು ಒಣಗಿಸುತ್ತೇನೆ. ಅದನ್ನು ಗುಜರಿಗೆ ಹಾಕಿ ಎಂದು ನಾನು, ಇರಲಿ ಎಂದು ನೀವು, ಎಷ್ಟು ಜಗಳ! ಈ ಬಸ್ಸಿನ ಇಂಜಿನ್ನಿನದೇ ಜಾತಿಯ ಹೆಡ್ಡು ಅದು. ಕಂಪನಿಯವರು ಕೊರೆದ ನೇರ ತೂತುಗಳು, ಬೇರೆ ಇನ್ನೇನು ಬೇಕು? ಅದನ್ನೇ ಬ್ಲಾಕಿನ ಮೇಲೆ ಇಟ್ಟು, ಚೆನ್ನಾಗಿರುವ ತೂತುಗಳಲ್ಲಿ ಬೋಲ್ಟು ಹಾಕಿ ಕಟ್ಟಿದರೆ ಒಂಬತ್ತನೆಯ ತೂತು ಡ್ರಿಲ್ಲಿಗೆ ದಾರಿ ತೋರಿಸುತ್ತದೆ. ತೂತು ಅಗಲ, ಡ್ರಿಲ್ಲು ಸಣ್ಣ, ಅಲ್ಲಾಡದಂತೆ ನಡುವೆ ಒಂದು ಕೊಳವೆ ಬೇಕಲ್ಲ. ಅದಕ್ಕೆ ಎದುರಿನ ಲೇಥಿನ ಕಾದರ್ ರಾವುತ್ತರ್ ಹತ್ತಿರ ಓಡಿದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಗಡ್ಡ ಕೆರೆದುಕೊಂಡು, "ಇದನ್ನ ಅರ್ಧನಾರಿ ಹೇಳ್ಕೊಟ್ನಾ?" ಎಂದರು. "ಇಲ್ಲ ಭಾಯ್, ಸೊಪ್ಪು ಹೇಳ್ಕೊಡ್ತು" ಎಂದೆ. ನಮಾಜಿಗೆ ಹೋಗಿ ಬಂದವರೇ ಕೊಳವೆ ಕಡೆದು ಕೊಟ್ಟರು. ಕೈಯಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಇಳಿಯಬೇಕು, ಬೆರಳಿನಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು, ಹಾಗಿತ್ತು. ಹತ್ತು ವರ್ಷದ ಜಗಳದಲ್ಲಿ ನೀವು ಗೆದ್ದಿರಿ, ನಾನು ಸೋತೆ. ಇದನ್ನು ಇನ್ನೊಂದು ಸಲ ಬರೆಯುವುದಿಲ್ಲ, ಸಿಸ್ಟರ್ ಬೇಕಾದರೆ ಎರಡು ಸಲ ಓದಲಿ.

ಗುರುವಾರ ಒಂಬತ್ತನ್ನೂ ಹದಿನಾಲ್ಕನ್ನೂ ಕೊರೆದೆವು. ಆರೋಗ್ಯಸಾಮಿ ಡ್ರಿಲ್ಲು ಹಿಡಿದ, ನಾನು ಪಕ್ಕದ ಸಿಲಿಂಡರುಗಳಿಗೆ ಒದ್ದೆ ಬಟ್ಟೆ ಮುಚ್ಚಿ ಊದುಕೊಳವೆ ಹಿಡಿದುಕೊಂಡು ನಿಂತೆ. ಆಮೇಲೆ ಟ್ಯಾಪು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮತ್ತೆ ಅರ್ಧ ಮುಂದೆ. ಅವಸರ ಮಾಡಿದರೆ ಟ್ಯಾಪು ಒಳಗೇ ಮುರಿದು ಕೂರುತ್ತದೆ. ಆರೋಗ್ಯಸಾಮಿ ಜಪ ಮಾಡುತ್ತಾ ತಿರುಗಿಸಿದ, ನಾನು ಉಸಿರು ಬಿಗಿಹಿಡಿದುಕೊಂಡು ಎಣಿಸಿದೆ. ಸುರುಳಿ ಕೂರಿಸಿದ ಮೇಲೆ ಅದರ ತುದಿಯ ಸಣ್ಣ ಬಾಲವನ್ನು ಮುರಿದು ಹೊರಗೆ ತೆಗೆಯಬೇಕಲ್ಲ, ಎರಡು ಸುರುಳಿಗೆ ಎರಡು ಬಾಲ, ಅಯಸ್ಕಾಂತದಿಂದ ಎತ್ತಿ ನನ್ನ ಅಂಗೈಯ ಮೇಲೆ ಎಣಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಬಿಟ್ಟೆ. ಕೊನೆಗೆ ಒಂಬತ್ತನೇ ಬೋಲ್ಟನ್ನು ಬರಿಗೈಯಲ್ಲಿ ತಿರುಗಿಸಿದೆ. ಎಲ್ಲಿಯೂ ತಡವರಿಸದೆ ತಳದವರೆಗೆ ಇಳಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕುಣಿಯಬೇಕು ಎನಿಸಿತು.

ಶುಕ್ರವಾರ ಹೊಸ ಗ್ಯಾಸ್ಕೆಟ್ಟು ಹಾಕಿ ಹೆಡ್ಡು ಮುಚ್ಚಿದೆವು. ಅದಕ್ಕೆ ಮುಂಚೆ ಇಪ್ಪತ್ತಾರು ತೂತನ್ನೂ ನಾನೇ ಕೆರೆದು, ತೊಳೆದು, ಗಾಳಿ ಊದಿ, ಬಿಳಿ ಬಟ್ಟೆ ಇಳಿಸಿ ತೆಗೆದು ನೋಡಿದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತಾರು ಅಂಕಿ ಬರೆದು ಒಂದೊಂದು ಬೋಲ್ಟಿಗೆ ಒಂದೊಂದು ಗೆರೆ. ನಾನು ಗೆರೆ ಎಳೆಯದೆ ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಹೋಗಬಾರದು. "ಇದೇನತ್ತಿಗೆ, ರೇಷನ್ ಅಂಗಡಿ ಮಾಡ್ಬಿಟ್ರಿ" ಎಂದು ಆರೋಗ್ಯಸಾಮಿ ಗೊಣಗಿದ. ಗೊಣಗಲಿ. ಒಂಬತ್ತಕ್ಕೆ ಸ್ಪ್ಯಾನರ್ 'ಟಕ್' ಎಂದಿತು. ಹದಿನಾಲ್ಕಕ್ಕೂ 'ಟಕ್' ಎಂದಿತು.

ಶನಿವಾರ ಒಂಬತ್ತೂವರೆಗೇ ಗೌಂಡರ್ ಬಂದರು. ಹಿಂದೆ ಲಾರಿ, ಲಾರಿಯ ತುಂಬ ಸರಪಳಿ, ನಾಲ್ಕು ಜನ ಆಳು. ರಸ್ತೆಯುದ್ದಕ್ಕೂ ಅಂಗಡಿಯವರು ಬಾಗಿಲಿಗೆ ಬಂದು ನಿಂತರು, ನಾನು ಹೆದರಿದ್ದ ಹಾಗೆಯೇ. ನಾನು ಯಾರ ಮುಖವನ್ನೂ ನೋಡದೆ ಕರ್ಪೂರ ಹಚ್ಚಿದೆ. ಗಂಧ ಮಾತ್ರ ಹತ್ತಿರ ತರಲಿಲ್ಲ. ಆರೋಗ್ಯಸಾಮಿ ಸ್ವಿಚ್ಚು ಒತ್ತಿದ. ಮೊದಲ ಸಲ ಬರೀ ಕೆಮ್ಮು. ಎರಡನೇ ಸಲ ಒಂದು ಗುಕ್ಕು ಕಪ್ಪು ಹೊಗೆ. ಗೌಂಡರ್ ಆಳುಗಳ ಕಡೆಗೆ ತಿರುಗಿದರು. ಮೂರನೇ ಸಲ ಹಿಡಿಯಿತು ನೋಡಿ! ತಗಡಿನ ಮಾಡು ಅದುರಿತು, ಪಕ್ಕದ ಹೋಟೆಲಿನ ಪರೋಟ ಹಾಕುವವನು ಹಿಟ್ಟು ಕೈಯಲ್ಲೇ ಓಡಿ ಬಂದ. ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡಿದೆ, ಒಂದು ಗುಳ್ಳೆ ಇಲ್ಲ. ಹೆಡ್ಡಿನ ಸುತ್ತ ಬೆರಳಾಡಿಸಿದೆ, ಒಂದು ಹನಿ ಇಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಗೌಂಡರ್ "ಯಾರು ಕಟ್ಟಿದ್ದು ಇದನ್ನ?" ಎಂದು ಕೇಳಿದರು. ಆರೋಗ್ಯಸಾಮಿ ಎರಡು ಕೈಯಲ್ಲೂ ಎಣ್ಣೆಯಾಗಿದ್ದರಿಂದ ಗದ್ದದಲ್ಲಿ ನನ್ನ ಕಡೆ ತೋರಿಸಿ, "ಸ್ಪ್ಯಾನರ್ ನಂದು, ಇಂಜಿನ್ ಅತ್ತಿಗೇದು" ಎಂದ. ಗೌಂಡರ್ ಹೆಗಲ ವಲ್ಲಿ ತೆಗೆದು ಕಂಕುಳಿಗೆ ಇಟ್ಟುಕೊಂಡರು. ಊರಿನ ಯಾವ ಹೆಂಗಸಿನ ಮುಂದೆಯೂ ಅವರು ವಲ್ಲಿ ಇಳಿಸಿದ್ದನ್ನು ನಾನು ಕಂಡಿಲ್ಲ. "ಗುಡೀಲಿ ದೇವರು ಇದೆ ಕಣವ್ವಾ. ನಾನೇ ಕಣ್ಣು ಬಿಟ್ಟು ನೋಡಿರ್ಲಿಲ್ಲ" ಎಂದು ಹೇಳಿ ಖಾಲಿ ಲಾರಿಯನ್ನು ವಾಪಸು ಕಳಿಸಿದರು.

ಅಂದೇ ರಾತ್ರಿ ಇಂಜಿನ್ನನ್ನು ಬಸ್ಸಿಗೆ ಕೂರಿಸಿದೆವು, ಭಾನುವಾರದಿಂದ ಬಸ್ಸು ಓಡುತ್ತಿದೆ. ಬಾಗಿಲಲ್ಲೂ ಜನ, ಏಣಿಯ ಮೇಲೂ ಜನ, ಪಳ್ಳಿಪಾಳ್ಯದ ಸೇತುವೆ ದಾಟಿ ದಿನಕ್ಕೆ ಆರು ಸಲ ಈರೋಡು. ಒಂದು ಲೋಟ ನೀರು ಕೂಡ ಕುಡಿಯಲಿಲ್ಲವಂತೆ ಇಂಜಿನ್ನು. ನಿನ್ನೆ ಸಂಜೆ ಬಿಸಿಯ ಮೇಲೆ ಬೋಲ್ಟು ಇನ್ನೊಮ್ಮೆ ನೋಡಿದೆವು, ಒಂಬತ್ತನೆಯದು ಕಾಲು ಕೂದಲೂ ಕದಲಿಲ್ಲ. ನಮ್ಮ ಶಾಪಿನ ಮುಂದೆ ಬಂದಾಗಲೆಲ್ಲ ಡ್ರೈವರು ಎರಡು ಹಾರ್ನು ಹೆಚ್ಚು ಹೊಡೆಯುತ್ತಾನೆ, ಕಂಡಕ್ಟರು ಸೀಟಿ ಊದುತ್ತಾನೆ. ಗೌಂಡರ ಭಾವನ ಲಾರಿಯ ಇಂಜಿನ್ನೂ ಹಬ್ಬ ಕಳೆದ ಮೇಲೆ ಬುಧವಾರ ನಮ್ಮಲ್ಲಿಗೇ ಬರುತ್ತದೆ. ನಮ್ಮೂರ ಬೆಟ್ಟದ ದೇವರೇ ಅರ್ಧ ಗಂಡು ಅರ್ಧ ಹೆಣ್ಣು; ಆ ದೇವರ ಹೆಸರಿಟ್ಟುಕೊಂಡು ನೀವು ಮಾತ್ರ ಇಷ್ಟು ವರ್ಷ ಇಡೀ ಶಾಪು ನನ್ನೊಬ್ಬನದೇ ಎಂದು ತಿರುಗಿದಿರಿ. ಅರ್ಧ ನನ್ನದು ಎಂದು ಈಗ ಊರಿಗೇ ಗೊತ್ತಾಯಿತು.

ಕಜ್ಜಾಯಕ್ಕೆ ಪಾಕ ಇಡಬೇಕು, ಅಕ್ಕಿ ನೆನೆದಿದೆ. ಪಕ್ಕದ ಹಾಸಿಗೆಯ ದಿಂಡುಗಲ್ಲಿನ ತಾತನಿಗೆ, ವಾರ್ಡಿನ ಎಲ್ಲರಿಗೂ ಹಬ್ಬದ ಶುಭ ಕೋರಿದ್ದೇನೆಂದು ಹೇಳಿ. ಆರೋಗ್ಯಸಾಮಿಯೂ ರಾವುತ್ತರೂ ನಿಮ್ಮನ್ನು ಕೇಳಿದರು. ಬೆಟ್ಟದ ಸ್ವಾಮಿ ನಿಮ್ಮನ್ನು ನೂರು ಕಾಲ ಕಾಪಾಡಲಿ.

ಇಂತಿ ನಿಮ್ಮ
ಪಾವಾಯಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸಿಸ್ಟರ್, ನಿಮ್ಮನ್ನು ಅವರು ಬೈದರೆ ನಾನಿದ್ದೇನೆ, ಓದಿ. ರೀ, ಕಣ್ಣಿನ ಕಟ್ಟು ಬಿಚ್ಚಲು ಇನ್ನೂ ವಾರವಿದೆ, ಎಲ್ಲ ಚೆನ್ನಾಗಿದೆ ಎಂದು ನೀವು ಬರೆಸಿದ ಕಾಗದದ ಅಂಟಿನ ಮಡಿಕೆಯೊಳಗೆ ಈ ಸಿಸ್ಟರ್ ಹುಡುಗಿ ತಾನಾಗಿಯೇ ಎರಡು ಸಾಲು ಬರೆದಿದ್ದಳು. ಕಟ್ಟು ಆಗಲೇ ಬಿಚ್ಚಿದ್ದಾರೆ, ಎಡಗಣ್ಣು ಹೋಯಿತು, ಬಲಗಣ್ಣಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ, ಹೆಂಡತಿಗೆ ತಿಳಿದರೆ ಶಾಪು ಮುಚ್ಚುತ್ತಾಳೆ ಎಂದು ಅವರು ಅಳುತ್ತಾರೆ ಅಂತ. ಆ ಕಾಗದ ನನ್ನ ಕೈಗೆ ಬಂದದ್ದು ಬೋಲ್ಟು ಕಿತ್ತ ಸೋಮವಾರವೇ. ಡಾಕ್ಟರು ಮಾಡುವುದನ್ನೆಲ್ಲ ಮಾಡಿದ್ದಾರೆ, ನಾವು ಹೋದದ್ದೇ ತಡವಾಯಿತು. ಸೋಮವಾರ ರಾತ್ರಿಯಿಡೀ ಅತ್ತೆ. ಮಂಗಳವಾರ ಕೊಯಮತ್ತೂರಿಗೆ ಹೋದೆ. ನೀವು ಬರುವವರೆಗೆ ಕಾಯಲಿಲ್ಲ ಯಾಕೆ ಎಂದರೆ, ನೀವು ಬರುವ ಮೊದಲೇ ನಿಮಗೆ ಇದನ್ನು ಓದಿ ಕೇಳಿಸಬೇಕಿತ್ತು. ಶಾಪು ಮುಚ್ಚಿಲ್ಲ ರೀ. ನನಗೆ ಎರಡು ಕಣ್ಣಿವೆ, ಇಬ್ಬರಿಗೂ ಸಾಕು. ಇಂಜಿನ್ನಿನ ಸದ್ದು ಕೇಳಿ ಯಾವ ವಾಲ್ವು ಎಂದು ಹೇಳುವವರು ನನಗೆ ಬೇಕು, ಆರೋಗ್ಯಸಾಮಿಯನ್ನು ಬೈಯುವವರು ಬೇಕು, ಅದಕ್ಕೆಲ್ಲ ಕಣ್ಣು ಬೇಡ. ಶುಕ್ರವಾರ ಬೆಳಗ್ಗೆ ನಾನೇ ಕರೆದುಕೊಂಡು ಹೋಗಲು ಬರುತ್ತೇನೆ. ಹಬ್ಬದ ಎಣ್ಣೆಸ್ನಾನ ಮನೆಯಲ್ಲೇ. ಅಷ್ಟರೊಳಗೆ ಶರ್ಟಿನ ಗುಂಡಿ ನೀವೇ ತಡವಿ ಹಾಕಿಕೊಳ್ಳುವುದನ್ನು ಕಲಿತು ಸಿದ್ಧವಾಗಿರಿ. ನಾನು ಹಾಕಿಕೊಡುವುದಿಲ್ಲ, ಬುಧವಾರ ಲಾರಿ ಇಂಜಿನ್ನು ಬರುತ್ತದೆ, ಆ ಕೈಗಳಿಂದ ನನಗೆ ಕೆಲಸವಿದೆ.